ಗಂಟೆ ಹೊಡೆದ ಮೇಲೂ ಬರೆಯುತ್ತಿದ್ದ ಗೌರಿ

ಹೊಸೂರಿನ ಮೂಕಂಡಪಲ್ಲಿಗೆ ಬಂದ ಮೊದಲ ದಿನ ನಡುಮಧ್ಯಾಹ್ನ ಸಾಲುಮನೆಗಳ ಬಾಗಿಲೆಲ್ಲ ಮುಚ್ಚಿದ್ದವು. ಒಳಗೆ ಜನ ಮಲಗಿದ್ದರು. ನಮ್ಮ ಬೆಟ್ಟದೂರು ನಾಟ್ರಾಂಪಾಳ್ಯದಲ್ಲಿ ಹಗಲು ಮಲಗುವವರು ಜ್ವರ ಬಂದವರು, ಇಲ್ಲವೇ ಬಾಣಂತಿಯರು. ಇಷ್ಟು ಮನೆಗೆ ಒಟ್ಟಿಗೆ ಏನು ಕಾಯಿಲೆ ಬಂತೋ ಎಂದು ಹೆದರಿ ಪಕ್ಕದ ಬಾಗಿಲು ತಟ್ಟಿದೆ. ಸೆಲ್ವಿ ಎಂಬ ಹೆಂಗಸು ಕಣ್ಣುಜ್ಜಿಕೊಂಡು ಬಂದಳು. ಏನು ಕಾಯಿಲೆ ಎಂದು ಕೇಳಿದೆ.

"ಪಾಟಿ, ನೈಟ್ ಶಿಫ್ಟ್ ಮುಗ್ಸಿ ಈಗ ತಾನೆ ಮಲಗಿದ್ದೆ" ಎಂದು ಅರ್ಧ ಕನ್ನಡ ಅರ್ಧ ತಮಿಳಿನಲ್ಲಿ ಹೇಳಿ ಬಾಗಿಲು ಹಾಕಿಕೊಂಡಳು. ಪಾಟಿ ಅಂದರೆ ಅಜ್ಜಿ. ಅಂದಿನಿಂದ ಈ ಊರಿನಲ್ಲಿ ನನಗೆ ಅದೇ ಹೆಸರು.

ನಾನು ಬಂದದ್ದು ಮೊಮ್ಮಗಳು ಗೌರಿಯ ಜೊತೆಗೆ. ಅವಳಿಗೆ ಹೊಸೂರಿನಲ್ಲಿ ಕಾಲೇಜು ಸಿಕ್ಕಿತ್ತು. ಕಾಲೇಜಿನ ಹುಡುಗಿಯ ಜೊತೆಗೆ ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನನ್ನು ಕಳಿಸಿದ್ದು ಅಡಿಗೆಗಾಗಿ. ಗೌರಿಗೆ ಹುಟ್ಟಿದಾಗಿನಿಂದ ಕಣ್ಣಿನ ನಡುಭಾಗ ಮಂಜು. ನೇರಕ್ಕೆ ನೋಡಿದರೆ ಏನೂ ಇಲ್ಲ, ಓರೆಯಲ್ಲಿ ನೋಡಿದರೆ ಒಂದಿಷ್ಟು ಕಾಣುತ್ತದೆ. ಬೆಟ್ಟದಲ್ಲಿ ಅದು ದೊಡ್ಡ ಮಾತಾಗಿರಲಿಲ್ಲ. ಮೇಕೆ ಹೊಡೆದುಕೊಂಡು ಹೋಗಲು, ನೀರು ತರಲು ಓರೆಗಣ್ಣು ಸಾಕು. ಊರ ಶಾಲೆಯಲ್ಲಿ ಮೇಷ್ಟ್ರು ಗಟ್ಟಿಯಾಗಿ ಓದುತ್ತಿದ್ದರು, ಅವಳು ಕಿವಿಯಲ್ಲಿ ಕಲಿತಳು. ದೊಡ್ಡ ಪರೀಕ್ಷೆಗಳಲ್ಲಿ ಅವಳು ಹೇಳಿದ್ದನ್ನು ಬರೆದುಕೊಡಲು ಹೆಡ್‌ಮಿಸ್ಸೇ ಒಬ್ಬರನ್ನು ಗೊತ್ತುಮಾಡಿದ್ದರು. ಇಲ್ಲಿ ಪಾಠವೆಲ್ಲ ಗೋಡೆಯ ಮೇಲೆ ಬೆಳಕಿನಲ್ಲಿ ಬೀಳುತ್ತದೆ. ಉಳಿದವರು ನೋಡಿ ಬರೆದುಕೊಳ್ಳುತ್ತಾರೆ. ಗೌರಿ ಸುಮ್ಮನೆ ಕೂರುತ್ತಿದ್ದಳು.

ಮೊದಲ ಕಿರುಪರೀಕ್ಷೆಯಲ್ಲಿ ಅರ್ಧ ಹಾಳೆ ಖಾಲಿ ಕೊಟ್ಟು ಬಂದಳು. ಗೊತ್ತಿಲ್ಲದೆ ಅಲ್ಲ. ಪ್ರಶ್ನೆಯನ್ನು ಮೂಗಿನ ಹತ್ತಿರ ಹಿಡಿದು ಓದುವುದರಲ್ಲೇ ಹೊತ್ತು ಹೋಗಿತ್ತು. ಊರಿಂದ ನನ್ನ ಮಗ, ಗೌರಿಯ ಅಪ್ಪ ಮಾದೇಶ ಫೋನು ಮಾಡಿದ.

"ದೊಡ್ ಪರೀಕ್ಷೇಲೂ ಹಿಂಗೇ ಆದ್ರೆ ಇಬ್ರೂ ಗಂಟು ಕಟ್ಕಂಡ್ ಬಂದ್ಬುಡಿ, ಅವ್ವ. ಆ ಮಗೀಗ್ಯಾಕ್ ಈ ಹಿಂಸೆ."

"ನಿನ್ ಕಣ್ ಎರಡೂ ನೆಟ್ಗಿತ್ತಲ್ಲ, ಹತ್ನೇ ಕ್ಲಾಸ್ ಎಷ್ಟ್ ಸಲ ಕಟ್ದೆ ಹೇಳ್ಲಾ" ಎಂದೆ. ಅವನು ಫೋನು ಇಟ್ಟ. ಆದರೆ ಅವನು ಹೇಳಿದ್ದು ಬರಿಯ ಮಾತಲ್ಲ, ಹಾಗೇ ಮಾಡುವವನು ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

ನಮ್ಮ ಕಡೆ ರಾಗಿ ಕಳೆ ಕೀಳುವಾಗ ಆಳಿಗೊಂದು ಸಾಲು. ಕಂಕುಳಲ್ಲಿ ಕೂಸಿದ್ದವಳು, ಸೊಂಟ ನೋವಿನವಳು ಹಿಂದೆ ಬೀಳುತ್ತಾಳೆ. ಮುಗಿಸಿದವರು ಬದುವಿನ ಮೇಲೆ ನಿಂತು ಕಾಯುವುದಿಲ್ಲ. ಅವಳ ಸಾಲನ್ನು ಆ ತುದಿಯಿಂದ ಹಿಡಿದು ಕೀಳುತ್ತ ಎದುರಿಗೆ ಬರುತ್ತಾರೆ. ಕೊನೆಯ ಸಾಲು ಮುಗಿಯದೆ ಯಾರೂ ಹೊಲ ಬಿಡುವುದಿಲ್ಲ. ಹಿಂದೆ ಬಿದ್ದವಳು ಬನ್ನಿ ಎಂದು ಕೇಳುವುದೂ ಇಲ್ಲ. ಕೇಳಿದರೆ ನೋಡದವರಿಗೆ ಅವಮಾನ ಮಾಡಿದ ಹಾಗೆ.

ಗೌರಿಯೂ ಹಾಗೇ ಕಾಯುತ್ತಿದ್ದಳು. "ಅವ್ರಿಗೆ ಕಾಣಲ್ವಾ, ಅಜ್ಜಿ? ಪುಸ್ತಕ ಮೂಗಿಗಂಟಿಸ್ಕಂಡ್ ಕೂತಿರ್ತೀನಿ."

"ಕಂಡೇ ಕಾಣ್ತದೆ, ತಡಿ" ಎಂದೆ ನಾನು. ನನಗೆ ತಿಳಿದದ್ದೂ ಅಷ್ಟೇ.

ಬಟ್ಟೆ ಒಗೆಯುತ್ತಿದ್ದ ಸೆಲ್ವಿ ಕೇಳಿಸಿಕೊಂಡು ನಕ್ಕಳು. "ನೀವಿಬ್ರೂ ಕಾಯ್ತಾ ಇರಿ, ಕಾಲೇಜು ಮುಗ್ದೋಗ್ತದೆ. ಫ್ಯಾಕ್ಟ್ರೀಲಿ ನನ್ ಮಿಷಿನ್ ನಿಂತ್ರೆ ನಾನೇ ಕೈ ಎತ್ಬೇಕು. ಎತ್ತಿಲ್ಲಾಂದ್ರೆ ಇವ್ಳು ನಿದ್ದೆ ಹೊಡೀತಾವ್ಳೆ ಅಂತಾರೆ."

ಗೌರಿಗೆ ರಾತ್ರಿ ಊಟ ಸೇರಲಿಲ್ಲ. ಕೇಳಿದರೆ ಎಲ್ಲರೂ ಕುರುಡಿ ಎಂದು ಕರೆಯುತ್ತಾರೆ ಎನ್ನುವುದು ಅವಳ ಭಯ. ಬೆಳಿಗ್ಗೆ ನಾನು ಕಾಲೇಜಿನ ಮೆಟ್ಟಿಲವರೆಗೆ ಹೋದೆ. ಒಳಗೆ ಒಬ್ಬಳೇ ಹೋದಳು. ಹೊರಬಂದಾಗ ಮುಖದಲ್ಲಿ ಸಿಟ್ಟೂ ಇತ್ತು, ನಗುವೂ ಇತ್ತು.

"ಇಷ್ಟ್ ದಿನ ಯಾಕ್ ಕೇಳ್ಲಿಲ್ಲ ಅಂದ್ರು ಮೇಡಂ. ನೀವ್ಯಾಕ್ ನೋಡ್ಲಿಲ್ಲ ಅನ್ನೋದು ನಾಲ್ಗೆ ತುದೀಗ್ ಬಂತು, ನುಂಗ್ಕಂಡೆ. ಬರ್ಕೊಡೋಕೆ ಒಬ್ರನ್ನ ಕೊಡ್ತಾರಂತೆ."

ಹಾಗೆ ಶುರುವಾಯಿತು. ಗೋಡೆಯ ಮೇಲೆ ಬೀಳುವ ಪಾಠ ಮುಂಚೆಯೇ ಅವಳ ಫೋನಿಗೆ ಬರತೊಡಗಿತು. ಫೋನು ಅದನ್ನು ಗಟ್ಟಿಯಾಗಿ ಓದುತ್ತಿತ್ತು. ಮುದ್ದೆ ತೊಳಸುತ್ತಾ ನಾನೂ ಯಾವುದೋ ರಾಜರ ಕಥೆ ಕೇಳುತ್ತಿದ್ದೆ.

ದೊಡ್ಡ ಪರೀಕ್ಷೆ ಬಂತು. ತಮಿಳಿನಲ್ಲಿ ತೇರ್ವು ಎನ್ನುತ್ತಾರೆ. ನಾನು ಅಂಗಳದ ಬೇವಿನ ಮರದಡಿ ಕೂತಿದ್ದೆ. ಗಂಟೆ ಹೊಡೆಯಿತು. ಹುಡುಗಿಯರು ಹೊಳೆಯಂತೆ ಹೊರಬಂದರು. ಗೌರಿ ಬರಲಿಲ್ಲ. ಕಿಟಕಿಯಲ್ಲಿ ಕಂಡಳು: ಪಕ್ಕದಲ್ಲಿ ಬರೆಯುವ ಹುಡುಗಿ, ಎದುರಿಗೆ ಒಬ್ಬ ಮೇಡಂ, ಉಳಿದ ಬೆಂಚೆಲ್ಲ ಖಾಲಿ. ಒಬ್ಬಳ ಸಾಲು ಹಾಗೇ ಬಿಟ್ಟು ಹೊಲವೆಲ್ಲ ಎದ್ದು ಬಂದಂತೆ ಕಂಡಿತು ನನಗೆ. ಮೆಟ್ಟಿಲಿಗೆ ಅಡ್ಡ ನಿಂತು ಅವಳ ಕ್ಲಾಸಿನವರನ್ನು ತಡೆದೆ.

"ಏನ್ರಮ್ಮಾ, ಅವ್ಳೊಬ್ಳನ್ನೇ ಬಿಟ್ ಬಂದ್ಬುಟ್ರಲ್ಲ. ವಾಪಸ್ ಹೋಗಿ, ಒಂದೊಂದ್ ಕೈ ಹಾಕಿ."

"ನಾವ್ ಕೈ ಹಾಕಿದ್ರೆ ಎಲ್ರನ್ನೂ ಫೇಲ್ ಮಾಡ್ತಾರೆ, ಪಾಟಿ" ಎಂದಳು ಒಬ್ಬಳು. "ಅವ್ಳಿಗೆ ಕೂಡುದಲ್ ನೇರಂ ಕೊಟ್ಟವ್ರೆ." ಕೂಡುದಲ್ ನೇರಂ ಅಂದರೆ ಹೆಚ್ಚಿನ ಹೊತ್ತು. ಎಲ್ಲರಿಗಿಂತ ಒಂದು ಗಂಟೆ ಜಾಸ್ತಿ. ಗೌರಿ ಅದನ್ನು ನನಗೆ ಹೇಳುವುದು ಮರೆತಿದ್ದಳು.

ನಾನು ಮತ್ತೆ ಮರದಡಿ ಕೂತೆ. ಬೈಸಿಕೊಂಡವರಲ್ಲಿ ಇಬ್ಬರು ಹೋಗದೆ ನನ್ನ ಪಕ್ಕ ಕೂತು, ನನ್ನ ಚೀಲದ ಕಡಲೆಕಾಯಿ ಮುಗಿಸಿ, ಗೌರಿ ಬಂದ ಮೇಲೆ ಅವಳ ಜೊತೆಗೇ ಹೋದರು.

ಫಲಿತಾಂಶವನ್ನೂ ಫೋನೇ ಓದಿತು. ಗೌರಿ ಎಲ್ಲದರಲ್ಲೂ ಪಾಸು. ನಾನು ಮತ್ತೆ ಓದಿಸಿದೆ. ಇನ್ನೊಮ್ಮೆ ಓದಿಸಿದೆ. ಸಜ್ಜಿಗೆ ಮಾಡಿ, ಪಾತ್ರೆ ಹಿಡಿದುಕೊಂಡು ಆ ನಡುಮಧ್ಯಾಹ್ನ ಸಾಲಿನ ಬಾಗಿಲುಗಳನ್ನೆಲ್ಲ ತಟ್ಟಿದೆ. ಸೆಲ್ವಿ ಕಣ್ಣುಜ್ಜಿಕೊಂಡು ಬಂದಳು.

"ಇವತ್ಯಾರ್ಗೆ ಕಾಯ್ಲೆ, ಪಾಟಿ?"

"ನಂಗೇ ಕಣವ್ವ. ಕೈ ಒಡ್ಡು" ಎಂದೆ. ಅವಳು ನಿದ್ದೆಗಣ್ಣಿನಲ್ಲೇ ತಿಂದು ಇನ್ನೊಂದು ತುತ್ತು ಕೇಳಿದಳು. ಅಂದು ನನ್ನನ್ನು ಯಾರೂ ಬೈಯಲಿಲ್ಲ.

ಮಾದೇಶ ಗಂಟಿನ ಮಾತು ಬಿಟ್ಟಿದ್ದಾನೆ. ಗೌರಿ ಈಗ ಒಬ್ಬಳೇ ಬಸ್ಸಿಗೆ ಹೋಗುತ್ತಾಳೆ. ಬಸ್ಸಿನ ಹಲಗೆ ಕಾಣದಿದ್ದರೆ ಪಕ್ಕದವರನ್ನು ಕೇಳುತ್ತಾಳೆ.

ಈ ಸಲ ಕಳೆ ಕೀಳುವ ಕಾಲಕ್ಕೆ ನಾನು ಊರಿಗೆ ಹೋದೆ. ಊರಿನ ಗಾಳಿ, ಊರಿನ ಮಣ್ಣು, ಎಲ್ಲ ಹಾಗೇ ಇತ್ತು. ಸೊಂಟ ಮಾತ್ರ ಹಾಗಿರಲಿಲ್ಲ. ಅರ್ಧ ಸಾಲಿಗೇ ಹಿಂದೆ ಬಿದ್ದೆ. ತಲೆಯೆತ್ತಿ ಕೂಗಿದೆ: "ಯಾರಾದ್ರೂ ನನ್ ಸಾಲಿಗ್ ಬರ್ರೇ."

ಹೊಲದಲ್ಲಿ ಎಲ್ಲರೂ ಸೆಟೆದು ನಿಂತು ನೋಡಿದರು. ಆ ತುದಿಯಲ್ಲಿ, ಯಾವಾಗ ಬಂದಳೋ, ನನ್ನ ನಾದಿನಿ ಪುಟ್ಟಿ ಆಗಲೇ ನನ್ನ ಸಾಲು ಹಿಡಿದು ಬಗ್ಗಿದ್ದಳು.

"ಬತ್ತಾ ಇದೀನಲ್ಲಮ್ಮಿ" ಎಂದಳು. "ಅದ್ಯಾಕ್ ಕೇಳ್ತೀಯ, ಬೇರೆ ಊರೋಳ್ ಹಂಗೆ."

ನಾನು ಬಗ್ಗಿ ಅವಳ ಕಡೆಗೆ ಕೀಳುತ್ತ ಹೋದೆ.