ಹೊಲದ ಮೂಲೆಯ ಕಲ್ಲುಗಳು

ಕುರಿ ವ್ಯಾಪಾರದಲ್ಲಿ ಫಿಂಟನ್ ಎಂದೂ ಮೋಸಹೋದವನಲ್ಲ. ಹೋಗಿದ್ದರೂ ಬಾಯಿ ಬಿಡುವವನಲ್ಲ. ಐರ್ಲೆಂಡಿನ ಪಡುವಣ ತೀರದ ಅವನ ಹಳ್ಳಿಯವರು ಚರ್ಚಿನ ಸಭಾಂಗಣದಲ್ಲಿ ಹಳೆಯ ಸರ್ವೆ ನಕ್ಷೆಗಳನ್ನು ಹಾಸಿದಾಗ, ತನ್ನ ಹೊಲ ಎಷ್ಟು ಹಳೆಯದೆಂದು ನಾಲ್ಕು ಜನಕ್ಕೆ ತೋರಿಸಲೆಂದೇ ಬಂದಿದ್ದ.

"ಇದೇ ನೋಡ್ರಿ ನಮ್ದು," ಎಂದು ಬಗ್ಗಿದವನಿಗೆ ಹೊಲದ ಮೂಲೆಯಲ್ಲಿ ಚುಕ್ಕೆಗಳ ಸಣ್ಣ ವೃತ್ತವೊಂದು ಕಂಡಿತು. ಪಕ್ಕದಲ್ಲಿ ಬರೆದಿತ್ತು: ಮಕ್ಕಳ ಸ್ಮಶಾನ.

ಕ್ರೈಸ್ತ ದೀಕ್ಷೆಯ ಜ್ಞಾನಸ್ನಾನಕ್ಕೆ ಮೊದಲೇ ಸತ್ತ ಕೂಸುಗಳಿಗೆ ಹಿಂದೆ ಚರ್ಚಿನ ಮಣ್ಣು ಸಿಗುತ್ತಿರಲಿಲ್ಲ. ಅಪ್ಪಂದಿರು ಇಂಥ ಮೂಲೆಗಳಲ್ಲಿ ಹೂತು, ತಲೆಯ ಕಡೆಗೊಂದು ಕಲ್ಲಿಟ್ಟು ಬರುತ್ತಿದ್ದರು. ಆ ಮೂಲೆ ಮುಟ್ಟಬೇಡವೆಂದು ಅಮ್ಮ ಹೇಳಿದಾಗಲೆಲ್ಲ, ದೆವ್ವಗಳಿಂದ ಬಾಡಿಗೆ ವಸೂಲಿ ಮಾಡೋಣ ಎಂದು ಫಿಂಟನ್ ನಗುತ್ತಿದ್ದ. ಹೋದ ವಸಂತದಲ್ಲಿ ಜೆಸಿಬಿ ತರಿಸಿ ಅದನ್ನು ಮಟ್ಟ ಮಾಡಿಸಿದ್ದ.

ನೆರೆಮನೆಯ ಮುದುಕಿ ಡೀಲಿಯಾ ಅವನ ಪಕ್ಕದಲ್ಲೇ ನಿಂತಿದ್ದಳು. ಪ್ರತಿ ವರ್ಷ ಅವನ ಗೇಟು ದಾಟಿ ಆ ಮೂಲೆಗೆ ಹೋಗಿಬರುತ್ತಿದ್ದವಳು. "ಅಣಬೆ ಸಿಕ್ತಾ ಡೀಲಿಯಾ?" ಎಂದು ಕಿಚಾಯಿಸಿದರೆ, "ಸಿಕ್ತಪ್ಪ," ಎನ್ನುತ್ತಿದ್ದಳು, ಬರಿಗೈಯಲ್ಲಿ.

"ನಿಮ್ಮವರು ಯಾರಾದ್ರೂ..." ಎಂದ ಫಿಂಟನ್.

"ನನ್ನ ಮೊದಲ್ನೇ ಮಗು. ಅಲ್ಲಿದ್ದ ಕಲ್ಲುಗಳನ್ನ ಏನ್ಮಾಡ್ದೆ?"

ಜೋಪಾನವಾಗಿ ಎತ್ತಿಟ್ಟಿದ್ದೇನೆ ಎಂಬ ಸುಳ್ಳು ನಾಲಗೆಯ ತುದಿಗೆ ಬಂತು. ಸಂತೆಯಲ್ಲಿ ಅದಕ್ಕಿಂತ ದೊಡ್ಡವನ್ನು ಹೇಳಿದ್ದ. ಇಲ್ಲಿ ಆಗಲಿಲ್ಲ.

"ಕುರಿದೊಡ್ಡಿ ನೆಲಕ್ಕೆ ಹಾಕ್ಸಿದೀನಿ. ಮೇಲೆ ಕಾಂಕ್ರೀಟು."

ಡೀಲಿಯಾ ನಕ್ಷೆಯ ಚುಕ್ಕೆಗಳ ಮೇಲೆ ಬೆರಳಿಟ್ಟಳು. "ಹಾಗಾದ್ರೆ ಇನ್ಮೇಲೆ ನಾನು ಬಂದಾಗ ದೊಡ್ಡಿ ಬಾಗಿಲು ತೆಗಿ," ಎಂದಳು.

ಫಿಂಟನ್ ತಲೆಯೆತ್ತದೆ ಹ್ಞೂಂ ಎಂದ.