ತೆರಕಣಾಂಬಿ ಮುಟ್ಟದೆ ತಿರುಗಿದ ದಿನ

೧೯೭೪ರಲ್ಲಿ, ಏಳನೇ ಕ್ಲಾಸಿನ ನಡುವೆ ನಾನು ಓದು ನಿಲ್ಲಿಸಿದೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಮೊದಲು ಕಲ್ಲು ಹೊತ್ತೆ, ಆಮೇಲೆ ಕೊಯ್ಯುವುದು, ಉಜ್ಜುವುದು ಕಲಿತೆ. ಕೊನೆಗೆ ಚಾಮರಾಜನಗರದ ಹೊರಗಿನ ಒಂದು ಕರಿಕಲ್ಲು ಪಾಲಿಶ್ ಕಾರ್ಖಾನೆಯಲ್ಲಿ ಹನ್ನೆರಡು ಆಳುಗಳ ಮೇಲೆ ಮೇಸ್ತ್ರಿಯಾದೆ. ಡಿಪ್ಲೊಮಾ ಓದಿ ಬಂದವರೂ ಕಲ್ಲಿನಲ್ಲಿ ಬಿರುಕು ಇದೆಯೋ ಇಲ್ಲವೋ ಎಂದು ನನ್ನ ಕೈಯಿಂದಲೇ ತಟ್ಟಿಸಿ ನೋಡುತ್ತಿದ್ದರು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ ಎಂದರೆ ಸುಳ್ಳಾಗುತ್ತದೆ.

ಮನೆ ಇದ್ದದ್ದು ಗುಂಡ್ಲುಪೇಟೆಯಲ್ಲಿ. ಹೋಗಲು ಸುಮಾರು ಮೂವತ್ತೈದು ಕಿಲೋಮೀಟರು, ಬರಲು ಅಷ್ಟೇ. ಬಸ್ಸಿಗೆ ಎಂಟು ರೂಪಾಯಿ. ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ನನ್ನ ಬೈಕು ಅದರ ಎರಡರಷ್ಟು ಪೆಟ್ರೋಲು ಕುಡಿಯುತ್ತಿತ್ತು. ಆದರೂ ಬೈಕು ಬಿಡಲಿಲ್ಲ. ದಿನವಿಡೀ ಮಿಷನ್ನಿನ ಸದ್ದು, ಕಲ್ಲಿನ ಕೆಸರು, ಲಾರಿಗೆ ಲೋಡು ಆಗಲೇಬೇಕೆಂಬ ಅವಸರ. ಬೈಕು ಹತ್ತಿ ಊರು ದಾಟಿದರೆ ಮೊದಲು ಕಿವಿ ತಿಳಿಯಾಗುತ್ತಿತ್ತು. ಹತ್ತು ಕಿಲೋಮೀಟರಿಗೆ ಹೆಗಲು ಸಡಿಲವಾಗುತ್ತಿತ್ತು. ದಾರಿಯಲ್ಲಿ ಸಿಗುವ ತೆರಕಣಾಂಬಿಯ ಹೊತ್ತಿಗೆ ಯಾರನ್ನು ಬೈದುಕೊಳ್ಳುತ್ತಾ ಹೊರಟಿದ್ದೆನೋ ಅವರ ಹೆಸರೇ ಮರೆತಿರುತ್ತಿತ್ತು. ನನ್ನ ಹೆಂಡತಿ ಪಕ್ಕದ ಮನೆಯವರಿಗೆ ಹೇಳುತ್ತಿದ್ದಳು: "ಇವ್ರು ಬೈಕಲ್ಲಿ ಬಂದ ದಿನ ಮಾತಾಡುಸ್ಬೋದು ಕಣಕ್ಕ. ಬಸ್ಸಲ್ಲಿ ಬಂದ ದಿನ ತಟ್ಟೆ ಇಟ್ಬುಟ್ಟು ಒಳಿಕೆ ಓಗ್ಬುಡ್ಬೇಕು."

೧೯೯೫ರ ಜನವರಿಯಲ್ಲಿ ಒಂದು ದಿನ ಮಧ್ಯಾಹ್ನ ಮೂರಕ್ಕೆ ಪಾಳಿ ಮುಗಿಸಿ ಹೊರಟೆ. ಬಿಸಿಲಿತ್ತು, ಗಾಳಿ ಮಾತ್ರ ತಣ್ಣಗಿತ್ತು. ಆ ದಿನ ಬೆಳಗ್ಗೆ ಮಿಷನ್ನಿನ ಮೇಲೆ ಒಂದು ದೊಡ್ಡ ಹಲಗೆಗಲ್ಲು ಎರಡು ಹೋಳಾಗಿತ್ತು. ದಪ್ಪ ಕಲ್ಲಿಗೆಂದು ಇಟ್ಟಿದ್ದ ಒತ್ತಡವನ್ನು ಕಡಿಮೆ ಮಾಡದೆ ತೆಳು ಕಲ್ಲಿನ ಮೇಲೆ ಮಿಷನ್ನು ಇಳಿಸಿದವನು ನಾನು. ಯಜಮಾನರು ಬಂದು ಎಲ್ಲರ ಮುಂದೆ ಏನಾಯಿತೆಂದು ಕೇಳಿದಾಗ ಬಾಯಿಂದ ಬಂದದ್ದೇ ಬೇರೆ. "ಮಹದೇವ ಕಲ್ಲಿನಡಿಗೆ ಮರದ ಪಟ್ಟಿ ಸರಿಯಾಗಿ ಕೂರ್ಸಿಲ್ಲ ಸಾರ್" ಅಂದೆ.

ಮಹದೇವ ಚಂದಕವಾಡಿಯವನು, ನನ್ನ ಜೊತೆ ಆರು ವರ್ಷ ಮಿಷನ್ನಿನ ಮುಂದೆ ನಿಂತವನು. ಯಜಮಾನರು ಅವನಿಗೆ ನಾಳೆಯಿಂದ ಬರಬೇಡ ಎಂದರು. ಅವನು ನನ್ನನ್ನು ಒಂದು ಸಲ ನೋಡಿ ಕೈ ತೊಳೆಯಲು ನಲ್ಲಿಯ ಕಡೆಗೆ ಹೋದ.

ಊರು ದಾಟಿದೆ. ಕಿವಿ ತಿಳಿಯಾಗಲಿಲ್ಲ. ಹೊಲಗಳಲ್ಲಿ ಅರಿಸಿನ ಬೇಯಿಸುತ್ತಿದ್ದರು. ಆ ಹೊಗೆಯ ಘಾಟು ನನಗೆ ಬಹಳ ಇಷ್ಟ, ಅಂದು ಮೂಗಿಗೆ ಹತ್ತಲೇ ಇಲ್ಲ. ತರಕಾರಿ ತುಂಬಲು ಹೊರಟಿದ್ದ ಕೇರಳದ ಲಾರಿಯೊಂದನ್ನು ಹಿಂದೆ ಹಾಕಿದೆ. ಮಹದೇವನ ಮೇಲೆ ಸಿಟ್ಟು ಬರಿಸಿಕೊಳ್ಳಲು ನೋಡಿದೆ. ಅವನಿಗೆ ಬಾಯಿರಲಿಲ್ಲವೇ, ಇದು ಮೇಸ್ತ್ರಿಯ ತಪ್ಪು ಎಂದು ಅಲ್ಲೇ ಹೇಳಬಹುದಿತ್ತಲ್ಲ ಎಂದುಕೊಂಡೆ. ಹೀಗೆ ಅಂದುಕೊಂಡಷ್ಟೂ ಆಕ್ಸಿಲರೇಟರ್ ಜೋರಾಗುತ್ತಿತ್ತು. ಇಪ್ಪತ್ತು ಕಿಲೋಮೀಟರ್ ಕಳೆದರೂ ಹೆಗಲು ಕಲ್ಲಿನ ಹಾಗೇ ಇತ್ತು.

ತೆರಕಣಾಂಬಿ ಇನ್ನೇನು ಬಂತು ಎನ್ನುವಲ್ಲಿ ಒಂದು ತಿರುವಿದೆ. ಹುರುಳಿ ಕಿತ್ತ ಕಾಲ. ಗಾಡಿಗಳು ತುಳಿದು ಕಾಳು ಬಿಡಿಸಲಿ ಎಂದು ನಮ್ಮ ಕಡೆಯವರು ಹುರುಳಿ ಗಿಡವನ್ನು ಟಾರು ರಸ್ತೆಯ ಮೇಲೆಯೇ ಹರವುತ್ತಾರೆ. ನೇರ ರಸ್ತೆಯಲ್ಲಾದರೆ ದೂರದಿಂದಲೇ ಕಾಣುತ್ತದೆ. ತಿರುವಿನಲ್ಲಿ ಕಾಣಲಿಲ್ಲ. ಮುಂದಿನ ಚಕ್ರ ಜಾರಿತು, ಬೈಕಿನ ಜೊತೆ ನಾನೂ ಬಿದ್ದೆ. ಗಿಡವೇ ಹಾಸಿಗೆಯಂತಿದ್ದದ್ದರಿಂದ ಮೊಣಕೈ ತರಚಿದ್ದು ಬಿಟ್ಟರೆ ಹೆಚ್ಚೇನೂ ಆಗಲಿಲ್ಲ. ಹಿಂದಿನ ಚಕ್ರಕ್ಕೆ, ಚೈನಿಗೆ ಹುರುಳಿ ಬಳ್ಳಿ ಹಗ್ಗದ ಹಾಗೆ ಸುತ್ತಿಕೊಂಡಿತ್ತು.

ಹೊಲದಿಂದ ಗಂಡ ಹೆಂಡತಿ ಇಬ್ಬರು ಓಡಿಬಂದರು. ಜಗಳಕ್ಕೆ ನಾನು ತಯಾರಾಗಿಯೇ ಎದ್ದೆ. ನಿಜ ಹೇಳಬೇಕೆಂದರೆ ಜಗಳ ಸಿಕ್ಕಿತೆಂದು ಖುಷಿಯೇ ಆಗಿತ್ತು. ಬಾಯಿ ತೆರೆಯುವುದರೊಳಗೆ ಆ ರೈತ ಬೈಕು ಎತ್ತುತ್ತಾ ಹೇಳಿದ: "ನಂದೇ ತಪ್ಪು ಕಣಣ್ಣ. ತಿರುವಲ್ಲಿ ಅರವ್ಬಾರ್ದಿತ್ತು. ಇವ್ಳು ಬ್ಯಾಡ ಅಂದ್ಲು, ನಾನೇ ಕೇಳ್ನಿಲ್ಲ."

ಅವನ ಹೆಂಡತಿ ಸೆರಗಿನಿಂದ ನನ್ನ ಅಂಗಿಯ ಧೂಳು ಕೊಡವಿ, "ಮದ್ವೆಯಾಗಿ ಅದಿನಾರು ವರ್ಸಕ್ಕೆ ಇವತ್ತು ಒಪ್ಕಂಡ. ಅಣ್ಣ, ನೀವು ದಿನಾ ಬಂದು ಇಲ್ಲೇ ಬೀಳಿ" ಎಂದಳು.

"ಸುಮ್ನಿರಮ್ಮಿ, ಕುಡ್ಲು ಕೊಡು ಇತ್ತಗೆ" ಎಂದು ಅವನು ಕುಡುಗೋಲು ಇಸಿದುಕೊಂಡು ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತ. ಸೈಲೆನ್ಸರಿಗೆ ತಾಗಿದ ಬಳ್ಳಿ ಆಗಲೇ ಹೊಗೆಯಾಡುತ್ತಿತ್ತು. ನಾವಿಬ್ಬರೂ ಸೇರಿ ಎಳೆಎಳೆಯಾಗಿ ಕೊಯ್ದು ಬಿಡಿಸಲು ಅರ್ಧ ಗಂಟೆ ಹಿಡಿಯಿತು. ಅಷ್ಟೂ ಹೊತ್ತು ಅವನು ತನ್ನ ಹಸುವಿನ ವಿಷಯ ಮಾತಾಡಿದ, ಅವಳು ಚೊಂಬಿನಲ್ಲಿ ಮಜ್ಜಿಗೆ ತಂದುಕೊಟ್ಟಳು. ತಪ್ಪು ಒಪ್ಪಿದ್ದರಿಂದ ಅವನಿಗೆ ಏನೂ ಕಡಿಮೆಯಾದ ಹಾಗೆ ಕಾಣಲಿಲ್ಲ. ನಾನು ಮಜ್ಜಿಗೆ ಕುಡಿದು ಚೊಂಬು ವಾಪಸು ಕೊಟ್ಟೆ.

ಬೈಕು ಸ್ಟಾರ್ಟ್ ಮಾಡಿ, ಬಂದ ದಿಕ್ಕಿಗೇ ತಿರುಗಿಸಿದೆ.

"ಅಣ್ಣ, ತೆರಕಣಾಂಬಿ ಈ ಕಡೀಕೆ" ಎಂದು ಅವನು ಕೂಗಿದ. "ತಲ್ಗೇನಾರ ಏಟು ಬಿತ್ತಾ?"

"ಇಲ್ಲ ಕಣಪ್ಪ, ಒಂದು ಕೆಲ್ಸ ಮರ್ತು ಬಂದಿವ್ನಿ" ಅಂದೆ.

ನಾಲ್ಕೂಮುಕ್ಕಾಲಿಗೆ ಕಾರ್ಖಾನೆ ತಲುಪಿದೆ. ಯಜಮಾನರು ಆಫೀಸಿನಲ್ಲಿ ಒಬ್ಬರೇ ಇದ್ದರು. ನಿಂತುಕೊಂಡೇ ಹೇಳಿದೆ: ಒತ್ತಡ ಇಳಿಸದೆ ಬಿಟ್ಟವನು ನಾನು, ಮಹದೇವ ಪಟ್ಟಿ ಸರಿಯಾಗಿಯೇ ಇಟ್ಟಿದ್ದ. ಅವರು ನನ್ನ ಮೊಣಕೈಯ ರಕ್ತ ನೋಡಿ ಕುಡಿಯಲು ನೀರು ಕೊಟ್ಟರು. "ಮಹದೇವ ಬರ್ಲಿ. ಆದ್ರೆ ಆಳುಗಳ ಮೇಲೆ ಇನ್ನು ನಿನ್ನ ಇಡಕ್ಕಾಗಲ್ಲಪ್ಪ. ನಾಳೆಯಿಂದ ನೀನೂ ಒಂದು ಮಿಷನ್ ನೋಡ್ಕೋ" ಎಂದರು.

ಬೇರೆ ದಿನವಾಗಿದ್ದರೆ ನಿಮ್ಮ ಕೆಲಸ ನೀವೇ ಇಟ್ಟುಕೊಳ್ಳಿ ಎಂದು ಹೊರಟು ಬರುತ್ತಿದ್ದೆ. ಅಂದು "ಆಯ್ತು ಸಾರ್" ಎಂದೆ.

ಚಂದಕವಾಡಿ ಅಲ್ಲಿಂದ ಗುಂಡ್ಲುಪೇಟೆಗೆ ವಿರುದ್ಧ ದಿಕ್ಕಿನಲ್ಲಿ, ಸುಮಾರು ಹತ್ತು ಕಿಲೋಮೀಟರು. ಮಹದೇವ ಮನೆಯ ಜಗಲಿಯ ಮೇಲೆ ಕೂತು ಚಪ್ಪಲಿಗೆ ಮೊಳೆ ಹೊಡೆಯುತ್ತಿದ್ದ. ವಿಷಯ ಹೇಳಿದೆ. ಅವನು ಮೊಳೆ ಹೊಡೆಯುವುದನ್ನು ನಿಲ್ಲಿಸಲಿಲ್ಲ. "ಸರಿ ಬುಡಣ್ಣ, ಬತ್ತೀನಿ" ಎಂದ ಅಷ್ಟೇ.

ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಬಿಡಲಿಲ್ಲ. "ಅಲ್ಲ ಮೇಸ್ತ್ರಣ್ಣ, ಇವ್ರ ಮೇಲೆ ಯೋಳ್ದಾಗ ಎಲ್ರೂ ಕೇಳುಸ್ಕಂಡ್ರು. ಈಗ ನಮ್ಮ ಜಗ್ಲಿಲಿ ಪಿಸುಪಿಸು ಅಂದ್ರೆ ಸರಿಯೋಯ್ತದಾ?"

"ಓಗ್ಲಿ ಬುಡಮ್ಮಿ" ಎಂದ ಮಹದೇವ.

"ಅದ್ಯಾಕ್ ಬುಡ್ಲಿ?"

ಬೆಳಗ್ಗೆ ಎಲ್ಲರ ಮುಂದೆ ಹೇಳುತ್ತೇನೆ ಎಂದೆ. ಆಗ ಅವಳು ಒಳಗೆ ಹೋಗಿ ಕಾಫಿಗೆ ನೀರಿಟ್ಟಳು.

ಹೊತ್ತು ಮುಳುಗುವಾಗ ಮತ್ತೆ ಗುಂಡ್ಲುಪೇಟೆಯ ರಸ್ತೆ ಹಿಡಿದೆ. ಅಷ್ಟು ಹೊತ್ತಿಗೆ ತಿರುವಿನ ಹುರುಳಿಯನ್ನು ಬಳಿದು ಬದಿಗೆ ಮೆದೆ ಹಾಕಿದ್ದರು. ಮೂವತ್ತೈದರ ಬದಲು ಅಂದು ನೂರು ಕಿಲೋಮೀಟರಿನ ಹತ್ತಿರ ಓಡಿಸಿದ್ದೆ, ಪೆಟ್ರೋಲು ರಿಸರ್ವಿಗೆ ಬಂದಿತ್ತು. ಗೋಪಾಲಸ್ವಾಮಿ ಬೆಟ್ಟದ ಕಡೆ ಆಕಾಶ ಇನ್ನೂ ಕೆಂಪಗಿತ್ತು. ಮೈ ನೋಯುತ್ತಿತ್ತು, ಹೆಗಲು ಮಾತ್ರ ಇಳಿದಿತ್ತು. ಮನೆಯಲ್ಲಿ ಹೆಂಡತಿಗೆ ನಡೆದದ್ದೆಲ್ಲ ಹೇಳಿದೆ. ಮರುದಿನ ಬೆಳಗ್ಗೆ ಏಳಕ್ಕೆ ಮಿಷನ್ನು ಹಾಕುವ ಮುಂಚೆ ಹನ್ನೆರಡು ಜನಕ್ಕೂ ಹೇಳಿದೆ. ಯಾರೂ ನಗಲಿಲ್ಲ. ಎಲ್ಲರಿಗೂ ಮೊದಲೇ ಗೊತ್ತಿತ್ತು.

ಇದಾಗಿ ನಾಲ್ಕು ವರ್ಷವಾಯಿತು. ಈಗ ನನಗೆ ಇರುವುದು ಇಷ್ಟು: ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು, ಬಾಡಿಗೆಯ ಎರಡು ಕೋಣೆ, ಅದೇ ಬೈಕು, ನಿಲ್ಲಲು ಒಂದು ಮಿಷನ್ನು, ಪಕ್ಕದ ಮಿಷನ್ನಿನಲ್ಲಿ ಮಹದೇವ. ಕೈಕೆಳಗೆ ಆಳು ಒಬ್ಬರೂ ಇಲ್ಲ.