ಖಾಲಿ ಮಗ್ಗದ ಫೋಟೋ

ಮಾರ್ಗಶಿರದ ಒಂದು ಸೋಮವಾರ, ಬೆಳಗ್ಗೆ ಒಂಬತ್ತು ಗಂಟೆ. ಸ್ಥಳ, ತೆಲುಗು ಸೀಮೆಯ ಆದವಾನಿಯಿಂದ ಎಮ್ಮಿಗನೂರಿಗೆ ಹೋಗುವ ರಸ್ತೆಯ ಪಕ್ಕದ ಹಳ್ಳಿಯಲ್ಲಿರುವ ನಮ್ಮ ನೇಕಾರರ ಗುಂಪಿನ ಕೋಣೆ. ಹಾಜರಿದ್ದವರು ನಾನು ಮತ್ತು ಗುಂಪಿನ ಕಾರ್ಯದರ್ಶಿ. ಕಂಪ್ಯೂಟರನ್ನೂ ಹಿಡಿದರೆ ಮೂವರು.

ಕಾರ್ಯದರ್ಶಿ ಪರದೆ ನೋಡಿ ಖುಷಿಯಲ್ಲಿದ್ದ. "ಅಮ್ಮಾರ, ಕೊನಿ ಕಾರ್ಡೂ ಹಸಿರಾತು ನೋಡ್ರಿ. ಊರಾಚಿ ಮನಿ ಅಕ್ಕನೂ ಫೋಟೋ ಕಳಿಸ್ಯಾಳ."

ನಾನು ನೋಡಿದೆ. ಹಸಿರಾಗಿತ್ತು. ಆ ಮಗ್ಗಕ್ಕೆ ಹೊಸ ಹಾಸು, ಅಂದರೆ ಉದ್ದೆಳೆಗಳ ಸುತ್ತು, ಕೊಡಬೇಕೆಂಬ ಕೆಲಸ ತಾನಾಗಿಯೇ ಹುಟ್ಟಿ ನನ್ನ ಹೆಸರಿಗೆ ಬಂದು ಕೂತಿತ್ತು. ನಾನು ಬಯಸಿದ್ದು ಇದನ್ನೇ.

ನಿವೃತ್ತಳಾದ ಮೇಲೆ ಈ ಗುಂಪಿನ ನೂಲು ಕೊಡುವ, ಸೀರೆ ತರಿಸುವ ಕೆಲಸವನ್ನು ನಾನೇ ಹೊತ್ತುಕೊಂಡಿದ್ದೆ. ಹುಟ್ಟಿದ್ದು ಮಡಿ ಆಚಾರದ ಮನೆ. ಸ್ನಾನಕ್ಕೆ ಮುಂಚೆ ಅಡುಗೆಮನೆಯ ಹೊಸ್ತಿಲು ತುಳಿಯುವಂತಿರಲಿಲ್ಲ, ಪೂಜೆಗೆ ಮುಂಚೆ ಹಸಿವೆ ಎನ್ನುವಂತಿರಲಿಲ್ಲ. ಆಮೇಲೆ ಕೆಲಸ ಮಾಡಿದ್ದು ಕಚೇರಿಯಲ್ಲಿ. ಅಲ್ಲಿ ಬಾಗಿಲು ತೆಗೆಯುವವರಿಗಿಂತ ಮೊದಲು ನಾನಿರುತ್ತಿದ್ದೆ. ಯಾವ ಮನೆಯ ಮಗ್ಗ ನಡೆಯುತ್ತಿದೆ, ಯಾವುದು ನಿಂತಿದೆ ಎಂದು ಪ್ರತಿ ವಾರ ಬೀದಿ ಬೀದಿ ಸುತ್ತಿ ಕೇಳುವುದು ನನಗೆ ಸರಿಬರಲಿಲ್ಲ. ಕೆಲವರು ಹೊರಗಿನ ವ್ಯಾಪಾರಿಯ ಹಾಸನ್ನೂ ಅದೇ ಮಗ್ಗದಲ್ಲಿ ಏರಿಸಿಕೊಂಡು ನಮ್ಮ ನೂಲನ್ನು ಮೂಲೆಯಲ್ಲಿಡುತ್ತಿದ್ದರು. ಕಾರ್ಯದರ್ಶಿ ಎಲ್ಲಿಂದಲೋ ಕೆಲಸ ನಿರ್ವಹಿಸುವ ಸಾಫ್ಟ್‌ವೇರ್ ತಂದ. ಪರದೆಯ ಮೇಲೆ ಒಂದೊಂದು ಮಗ್ಗಕ್ಕೂ ಒಂದೊಂದು ಕಾರ್ಡು. ನೂಲು ಕೊಟ್ಟಾಗ ಒಂದು ಸಾಲಿನಲ್ಲಿ, ನೇಯುವಾಗ ಇನ್ನೊಂದರಲ್ಲಿ, ಸೀರೆ ಬಂದ ಮೇಲೆ ಮತ್ತೊಂದರಲ್ಲಿ. ಕಾರ್ಡುಗಳು ತಾವಾಗಿಯೇ ಸರಿಯುವಂತೆ ನಿಯಮ ಬರೆಯಲು ಒಂದು ಎಐ ಸಹಾಯಕ. ಅದರೊಡನೆ ಕೂತವಳು ನಾನು.

ಕೆಲಸದ ಮಟ್ಟಿಗೆ ಅದು ನನ್ನ ಜಾತಿಯದೇ ಎನಿಸಿತ್ತು. ಒಂದು ಹೇಳಿದರೆ ಒಂದೇ ಮಾಡುತ್ತಿತ್ತು, ಗೊತ್ತಾಗದಿದ್ದರೆ ಕೇಳುತ್ತಿತ್ತು. ನಿಯಮ ಬರೆದ ದಿನ ಅದು ಕೇಳಿದ್ದು ನೆನಪಿದೆ: ಮಗ್ಗ ಹೊಸ ಹಾಸು ಏರಿಸಲು ಸಿದ್ಧವಾಗಿದೆ ಎಂದು ತಿಳಿಯುವುದು ಹೇಗೆ? ಸೀರೆಯ ಫೋಟೋ ಸಾಕೇ, ಮಗ್ಗದ ಫೋಟೋ ಬೇಕೇ? ಇದನ್ನು ನೇಕಾರರೊಡನೆ ಒಮ್ಮೆ ಮಾತಾಡಿ ನೋಡುತ್ತೀರಾ? ಮಾತಾಡುವುದೇನಿದೆ ಎಂದುಕೊಂಡೆ. ಏನೂ ಇಲ್ಲದ ಖಾಲಿ ಮಗ್ಗದ ಫೋಟೋ ಬರಬೇಕು, ಬಂದರೆ ಕಾರ್ಡು ಹಸಿರಾಗಬೇಕು, ಬರದಿದ್ದರೆ ಮೂರು ಸಲ ನೆನಪಿಸಬೇಕು, ಆಮೇಲೂ ಬರದಿದ್ದರೆ ಆ ನೂಲು ಬೇರೆ ಮನೆಗೆ ಎಂದೆ. ಅದು ಹಾಗೆಯೇ ಬರೆಯಿತು. ನೆನಪಿಸುವ ಮೆಸೇಜನ್ನು ತೆಲುಗಿನಲ್ಲಿ ಹಾಕಿಸಿದೆವು, ಇಲ್ಲಿ ಶಾಲೆ ಕಲಿತವರು ಓದುವುದು ಅದನ್ನೇ. ಕೆಳಗೆ ನನ್ನ ಹೆಸರು ಇರಲಿ ಎಂದವನು ಕಾರ್ಯದರ್ಶಿ. "ನಿಮ್ಮ ಹೆಸರಿದ್ರ ಹೆದರ್ತಾರ್ರಿ."

ಮೊದಮೊದಲು ಯಾರೂ ಫೋಟೋ ಕಳಿಸಲಿಲ್ಲ. ಆಮೇಲೆ ಒಂದೊಂದಾಗಿ ಬಂದವು. ಇವತ್ತು ಕೊನೆಯದೂ ಬಂದಿತ್ತು.

ಹಾಸಿನ ಸುತ್ತನ್ನು ಕಾರ್ಯದರ್ಶಿಯ ಸ್ಕೂಟರಿನ ಮುಂದೆ ಇಟ್ಟುಕೊಂಡು ಆಕೆಯ ಮನೆಗೆ ಹೋದೆವು. ಊರಿನ ಆಚೆ ಕೊನೆಯ ಮನೆ. ಗಂಡ ತೀರಿಕೊಂಡ ಮೇಲೆ ಆಕೆಯೇ ಗುಂಡಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತು ನೇಯುತ್ತಿದ್ದಳು. ನಮ್ಮ ಗುಂಪಿನಲ್ಲಿ ಅಂಚು ಸೊಟ್ಟಗಾಗದ ಸೀರೆ ಆಕೆಯದು.

ಬಾಗಿಲಲ್ಲೇ ಆಕೆ ನಕ್ಕಳು. "ಬರ್ರಿ ಅಮ್ಮಾರ. ಫೋಟೋ ಮುಟ್ಟಿತೇನ್ರಿ? ಈಗರ ಸಮಾಧಾನ ಆತೇನು?"

ಒಳಗೆ ಹೋದೆ. ಮಗ್ಗ ಖಾಲಿ ಇತ್ತು. ಮರದ ಚೌಕಟ್ಟು, ಗುಂಡಿ, ಗೋಡೆಗೆ ಒರಗಿಸಿದ, ಎಳೆ ತೂರಿಸುವ ಹಣಿಗೆ. ಒಂದು ಎಳೆಯೂ ಇಲ್ಲ.

ಕಾರ್ಯದರ್ಶಿ ನೇಕಾರರ ಮನೆಯಲ್ಲಿ ಹುಟ್ಟಿದವನು. ಅವನ ಮುಖ ಇಳಿಯಿತು. "ಅಕ್ಕಾ, ಕೆಚ್ಚಾಕ ಬಿಡೋ ಎಳಿ ಎಲ್ಲಿ? ಅದನ್ನೂ ಕೊಯ್ದೀ ಏನ?"

"ಖಾಲಿ ಮಾಡು ಅಂದ್ರಲ್ಲಪ. ಅದನ್ನ ಬಿಟ್ರ ಖಾಲಿ ಹೆಂಗಾಕ್ಕೈತಿ?"

ಆಗ ಅವನು ನನಗೆ ಹೇಳಿದ. ಸೀರೆ ಮುಗಿದ ಮೇಲೆ ಬಟ್ಟೆಯನ್ನಷ್ಟೇ ಕೊಯ್ಯುತ್ತಾರೆ. ಹಣಿಗೆಯೊಳಗೆ ತೂರಿಸಿದ ಹಳೆಯ ಹಾಸಿನ ಗೇಣುದ್ದದ ಎಳೆಗಳನ್ನು ಹಾಗೆಯೇ ಬಿಡುತ್ತಾರೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಆ ತುದಿಗೆ ಹೊಸೆದು ಕೂಡಿಸುತ್ತಾರೆ, ಅದೇ ಕೆಚ್ಚುವುದು. ಆಕೆಯ ಮಗ್ಗದಲ್ಲಿದ್ದ ಎಳೆಗಳ ಸರಣಿ ಮಾವನ ಕಾಲದಿಂದ ಹಾಗೆ ಕೂಡಿಕೊಂಡು ಬಂದದ್ದು. ಮಗ್ಗವನ್ನು ಪೂರ್ತಿ ಬರಿದು ಮಾಡುವುದು ಆ ಮನೆಯವರು ನೇಯ್ಗೆ ಬಿಟ್ಟಾಗ ಮಾತ್ರ.

"ನಿನಗ ಗೊತ್ತಿದ್ದೂ ನನಗ್ಯಾಕ ಹೇಳಲಿಲ್ಲ?" ಎಂದು ಅವನನ್ನು ಕೇಳಿದೆ.

"ಉಳಿದೋರೆಲ್ಲ ಫೋಟೋ ಕಳಿಸಿದ್ರಲ್ರಿ ಅಮ್ಮಾರ. ಹೆಂಗೋ ಹೊಂದಿಸ್ಯಾರ ಅಂದ್ಕಂಡೆ."

ಆಕೆ ಬಾಯಿಗೆ ಸೆರಗು ಹಿಡಿದು ನಕ್ಕಳು. "ಹೊಂದಿಸ್ಯಾರ, ಹೊಂದಿಸ್ಯಾರ. ನಮ್ಮ ಗುಂಪಿನ ಶೆಡ್ಡಿನ ಹಿಂದ ಮುರಕ ಮಗ್ಗ ಐತಲ್ಲ, ಆಡು ಕಟ್ಟತಾರಲ್ಲ, ಎಲ್ಲಾರೂ ಅದರದೇ ಫೋಟೋ. ನನಗೂ ಹೇಳಿದ್ರು, ನೀನೂ ಅದನ್ನ ಹೊಡದು ಕಳಸು ಅಂತ."

"ಮತ್ತ ಕಳಿಸಬೇಕಿಲ್ಲೇನ?" ಕಾರ್ಯದರ್ಶಿಯ ದನಿ ಏರಿತು. "ಒಂದು ಫೋನರ ಮಾಡಬೇಕಿಲ್ಲೇನ?"

"ಯಾರಿಗಪ? ಕೆಳಗ ಅಮ್ಮಾರ ಹೆಸರಿತ್ತು. ಅಮ್ಮಾರು ಅಂದ್ರ ಗಡಿಯಾರ. ಗಡಿಯಾರದ ಕೂಡ ಯಾರು ಜಗಳಾಡ್ತಾರ? ಸುಳ್ಳು ಫೋಟೋ ಹೆಂಗ ಕಳಸ್ಲಿ? ಮತ್ತ ಆ ಮಿಷನ್ನು ಭಾಳ ಮರ್ಯಾದಸ್ತ ಐತ್ರಿ. ನಮ್ಮತ್ತಿ ಒಂದಿನ ಹಂಗ ಕೇಳಿಲ್ಲ. 'ದಯಚೇಸಿ', ದಯಮಾಡಿ ಅಂತು, ಮೂರು ಸಲ. ನಾನು ತಿಳಕಂಡೆ, ವಯಸ್ಸಾತು, ನಿಂದು ಸಾಕು ಬಿಡು ಅಂತ ಮರ್ಯಾದಿಲೆ ಹೇಳಾಕತ್ತಾರ ಅಂತ."

ಹಾಸಿನ ಸುತ್ತು ಕಾರ್ಯದರ್ಶಿಯ ಹೆಗಲ ಮೇಲೇ ಇತ್ತು. ಆಕೆ ಅದನ್ನು ನೋಡಿದ್ದು ಆಗ.

"ಇದು ನನಗ ತಂದ್ರೇನು?"

"ಹೌದು."

ಆಕೆ ಹತ್ತಿರ ಬಂದು ನೂಲನ್ನು ಬೆರಳಲ್ಲಿ ಹಿಸುಕಿ ನೋಡಿ ಕೈ ತೆಗೆದಳು. ನಗು ಆಗ ನಿಂತಿತು.

ಕಾರ್ಯದರ್ಶಿ ಅಲ್ಲೇ ನಿಂತು ಎಮ್ಮಿಗನೂರಿಗೆ ಫೋನು ಮಾಡಿದ. ಬರಿದಾದ ಹಣಿಗೆಗೆ ಎಳೆ ತೂರಿಸಲು ಬರುವವರು ಈಗ ಸಿಗುವುದು ಕಷ್ಟ. ಆಕೆಯ ಮನೆಯಲ್ಲಿ ಅದು ಬರುತ್ತಿದ್ದುದು ಗಂಡನಿಗೆ. ಆಚೆಯಿಂದ ಒಬ್ಬರು ಸಂಕ್ರಾಂತಿ ಆಗಲಿ, ನೋಡೋಣ ಎಂದರು. ಅವನು ಇನ್ನೊಬ್ಬರ ನಂಬರು ಹುಡುಕತೊಡಗಿದ.

"ಬಿಡಪ," ಎಂದಳು ಆಕೆ. "ಯಾರು ಬಂದ್ರೂ ನಾ ಕುಂದ್ರಂಗಿಲ್ಲ. ಒಮ್ಮೆ ಬರಿದಾದ ಮಗ್ಗಕ್ಕ ನಮ್ಮನ್ಯಾಗ ಯಾರೂ ತಿರಿಗಿ ಕುಂತಿಲ್ಲ. ನಾಳಿಗೆ ಆಸ್ಪರಿ ಕಡಿ ಹತ್ತಿ ಬಿಡಸಾಕ ಆಟೋ ಹೊಂಟೈತಿ, ಬರ್ತೀನಿ ಅಂತ ಹೇಳೀನಿ."

"ಈ ಮೊಣಕಾಲಿಟ್ಕಂಡು ಹೊಲದಾಗ ಬಗ್ಗತೀ ಏನ?" ಎಂದೆ.

"ಗುಂಡ್ಯಾಗ ಕುಂತು ಕುಂತೇ ಹೋಗ್ಯಾವಲ್ರಿ ಇವು. ನಿಂತು ನೋಡ್ತೀನಿ."

ಕೊಯ್ದ ಎಳೆಗಳನ್ನಾದರೂ ಇಟ್ಟಿದ್ದೀಯಾ ಎಂದು ಕೇಳಿದೆ. ಅದರಿಂದ ಪ್ರಯೋಜನವಿಲ್ಲವೆಂದು ನನಗೂ ಗೊತ್ತಿತ್ತು. ಆಕೆ ದೇವರ ಗೂಡಿನ ಕಡೆ ಕೈ ಮಾಡಿದಳು. ಬತ್ತಿ ಹೊಸೆದು ಇಟ್ಟಿದ್ದಳು. ಒಂದು ಉರಿಯುತ್ತಿತ್ತು.

ಮಧ್ಯಾಹ್ನ ಕೋಣೆಗೆ ಬಂದು ಹಳೆಯ ಫೋಟೋಗಳನ್ನೆಲ್ಲ ತೆಗೆದು ನೋಡಿದೆ. ಅದೇ ಮುರುಕು ಮಗ್ಗ, ಅದೇ ಗೋಡೆ. ಒಂದರಲ್ಲಿ ಆಡಿನ ಬಾಲ ಬಂದಿತ್ತು. ಅಷ್ಟು ದಿನ ಹಸಿರು ಬಣ್ಣ ನೋಡಿದ್ದೆ, ಫೋಟೋ ನೋಡಿರಲಿಲ್ಲ. ಬಿರುಸಾಗಿ ಕೇಳಿದರೆ ಜನ ಸುಳ್ಳು ಹೇಳಿ ಬದುಕಿಕೊಳ್ಳುತ್ತಾರೆ; ಅದು ಇಡೀ ಊರಿಗೆ ಗೊತ್ತಿತ್ತು. ನನ್ನ ಮಾತನ್ನು ಮಾತು ಎಂದು ಹಿಡಿದವಳು ಆಕೆ ಒಬ್ಬಳೇ.

ನಡೆದದ್ದನ್ನು ಸಹಾಯಕಕ್ಕೆ ಟೈಪು ಮಾಡಿದೆ. ಅದು ವಿಷಾದ ಹೇಳಿತು. ಇನ್ನು ಮುಂದೆ ಸೀರೆಯ ಫೋಟೋ ಸಾಕು, ನೂಲು ತಡೆಯುವ ಮೊದಲು ಒಬ್ಬರು ಮನೆಗೆ ಹೋಗಿ ಮಾತಾಡಬೇಕು, ಹೀಗೆ ಬದಲಾಯಿಸಲೇ ಎಂದಿತು. ಬದಲಾಯಿಸು ಎಂದೆ. ಕನ್ನಡಕ ಒರೆಸಿ ಹಾಕಿಕೊಳ್ಳುವುದರೊಳಗೆ ಆಗಿತ್ತು. ಅಷ್ಟು ಸುಲಭವಿತ್ತು ಅದು. ಆಕೆಯ ಮನೆಯಲ್ಲಿ ಹೋದದ್ದಕ್ಕೆ ಹೀಗೆ ಒತ್ತಿ ಸರಿಪಡಿಸುವ ಗುಂಡಿ ಇಲ್ಲ. ನಾನೇ ಕೂತು ಎಳೆ ತೂರಿಸುತ್ತೇನೆಂದರೂ ಕಲಿಯುವ ವಯಸ್ಸು ನನಗೂ ಇಲ್ಲ, ನೇಯುವ ಮನಸ್ಸು ಆಕೆಗೂ ಇಲ್ಲ.

ಅದು ಕೊನೆಗೆ ಕೇಳಿತು: ಹಸಿರಾಗಿರುವ ಆ ಕಾರ್ಡನ್ನು ಏನು ಮಾಡಲಿ? ಸಿದ್ಧವಾಗಿದೆ ಎಂದೇ ಇರಲೇ?

ಬೇಡ, ಅದನ್ನು ನಾನು ಮಾಡುತ್ತೇನೆ ಎಂದೆ.

ಹಾಸನ್ನು ಕಾರ್ಯದರ್ಶಿ ಪಕ್ಕದ ಬೀದಿಯ ಮನೆಗೆ ಕೊಟ್ಟು ಬಂದ. ಮೆಸೇಜುಗಳ ಕೆಳಗಿದ್ದ ನನ್ನ ಹೆಸರನ್ನು ತೆಗೆಸಿದೆ. ಆಮೇಲೆ ಆಕೆಯ ಕಾರ್ಡನ್ನು ಎಳೆದು, ಇದುವರೆಗೆ ಯಾವ ಕಾರ್ಡೂ ಇಲ್ಲದಿದ್ದ 'ನಿಂತ ಮಗ್ಗ' ಸಾಲಿನಲ್ಲಿ ಇಟ್ಟೆ. ಕಂಪ್ಯೂಟರ್ ಆರಿಸಿ, ಬೀಗ ಹಾಕಿ, ಬೀಗ ಎಳೆದು ನೋಡಿದೆ.